ಥೇಲೀಸನ ಕಾಲನಿರ್ಣಯ: ಒಂದು ಮರುಪರಿಶೀಲನೆ

ಗ್ರೀಕ್ ತತ್ತ್ವಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮಿಲೆಟಸ್ ನಗರದ ಥೇಲೀಸನಿಂದ ಆರಂಭಿಸುತ್ತಾರೆ. ಅವನು ಕ್ರಿ.ಪೂ. 624ರ ಸುಮಾರಿಗೆ ಹುಟ್ಟಿ ಕ್ರಿ.ಪೂ. 546ರ ಸುಮಾರಿಗೆ ತೀರಿಕೊಂಡನೆಂಬುದು ರೂಢಿಯಲ್ಲಿರುವ ಅಭಿಪ್ರಾಯ. ಕೈಪಿಡಿಗಳಲ್ಲಿ ಈ ‘ಸುಮಾರು’ ಎಂಬ ಪದವೂ ಎಷ್ಟೋ ಸಲ ಬಿಟ್ಟುಹೋಗಿರುತ್ತದೆ. ಆದರೆ ಈ ವರ್ಷಗಳ ಆಕರಗಳನ್ನು ಪರಿಶೀಲಿಸಿದಾಗ, ಇವು ಸಮಕಾಲೀನ ದಾಖಲೆಗಳಿಂದ ದೊರೆತವುಗಳಲ್ಲ, ಲೆಕ್ಕ ಹಾಕಿ ಪಡೆದವುಗಳು ಎಂಬುದು ಸ್ಪಷ್ಟವಾಗುತ್ತದೆ.

ಥೇಲೀಸನ ಬಗ್ಗೆ ಉಪಲಬ್ಧವಿರುವ ಅತ್ಯಂತ ಹಳೆಯ ವಿಸ್ತೃತ ನಿರೂಪಣೆ ಹೆರೊಡೋಟಸನದು. ಅದು ಕ್ರಿ.ಪೂ. 5ನೆಯ ಶತಮಾನದ ಉತ್ತರಾರ್ಧದ್ದು. ಅಂದರೆ ಥೇಲೀಸನಿಗೂ ಅದಕ್ಕೂ ನಡುವೆ ಸುಮಾರು ಒಂದು ಶತಮಾನದ ಅಂತರವಿದೆ. ಹೆರೊಡೋಟಸನ ಪ್ರಕಾರ ಥೇಲೀಸನ ಮೂಲ ಫಿನೀಷಿಯನ್ ವಂಶ. ತಂದೆಯ ಹೆಸರು ಎಕ್ಸಾಮ್ಯಾಸ್ ಎಂದು ನಂತರದ ಗ್ರಂಥಗಳು ಹೇಳುತ್ತವೆ. ಇದು ಕೇರಿಯಾ ಪ್ರದೇಶದ ಹೆಸರೆಂದು ವಿದ್ವಾಂಸರು ಗುರುತಿಸಿದ್ದಾರೆ. ಅಯೋನಿಯಾದ ನಗರಗಳೆಲ್ಲ ಟಿಯೋಸ್‌ನಲ್ಲಿ ಒಂದೇ ಸಭೆಯನ್ನು ಸ್ಥಾಪಿಸಿಕೊಳ್ಳಬೇಕೆಂದು ಸಲಹೆಯಿತ್ತ ರಾಜಕಾರಣಿಯಾಗಿ ಅವನು ಹೆರೊಡೋಟಸನಲ್ಲಿ ಕಾಣಿಸಿಕೊಳ್ಳುತ್ತಾನೆ. ಲಿಡಿಯಾದ ದೊರೆ ಕ್ರೀಸಸ್ ದಂಡೆತ್ತಿ ಹೋದಾಗ ಹಾಲಿಸ್ ನದಿಯ ಪಾತ್ರವನ್ನು ತಿರುಗಿಸಿ ಸೈನ್ಯವನ್ನು ದಾಟಿಸಿದನೆಂಬ ಕತೆಯೂ ಅಲ್ಲಿದೆ. ಅದನ್ನು ಹೇಳಿದ ಹೆರೊಡೋಟಸನೇ ಅದನ್ನು ನಂಬುವುದಿಲ್ಲ; ಸೈನ್ಯ ಇದ್ದ ಸೇತುವೆಗಳ ಮೇಲೆಯೇ ದಾಟಿತೆಂಬುದು ಅವನ ಅಭಿಪ್ರಾಯ. ಗಮನಿಸಬೇಕಾದ ಅಂಶವೆಂದರೆ, ಈ ಥೇಲೀಸ್ ಜಗತ್ತಿನ ಮೂಲದ್ರವ್ಯದ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ.

ಕಾಲನಿರ್ಣಯಕ್ಕೆ ಮುಖ್ಯ ಆಧಾರವಾಗಿರುವುದು ಗ್ರಹಣದ ಪ್ರಸಂಗ. ಲಿಡಿಯನ್ನರಿಗೂ ಮೀಡರಿಗೂ ನಡೆಯುತ್ತಿದ್ದ ಯುದ್ಧದ ಆರನೆಯ ವರ್ಷದಲ್ಲಿ, ಕಾಳಗದ ನಡುವೆ ಹಗಲು ಇರುಳಾಯಿತು; ಇದನ್ನು ಥೇಲೀಸ್ ಮುಂಚಿತವಾಗಿಯೇ ಅಯೋನಿಯನ್ನರಿಗೆ ತಿಳಿಸಿ, ಅದು ಸಂಭವಿಸುವ ವರ್ಷದ ಮಿತಿಯನ್ನೂ ಹೇಳಿದ್ದನಂತೆ. ಇದನ್ನು ಕ್ರಿ.ಪೂ. 585ರ ಮೇ 28ರ ಸೂರ್ಯಗ್ರಹಣವೆಂದು ಗುರುತಿಸಲಾಗಿದೆ. ರೋಮನ್ ಲೇಖಕ ಪ್ಲಿನಿ ಕೊಡುವ ಒಲಿಂಪಿಯಾಡ್ ವರ್ಷವೂ ಇದಕ್ಕೆ ಹೊಂದುತ್ತದೆ. ನಮ್ಮ ಶಾಸನಗಳಲ್ಲಿ ಸೂರ್ಯಗ್ರಹಣದ ಉಲ್ಲೇಖ ಬಂದಾಗ ಶಕವರ್ಷ, ಸಂವತ್ಸರ, ತಿಥಿ, ವಾರಗಳು ಸಾಮಾನ್ಯವಾಗಿ ಜೊತೆಗಿರುವುದರಿಂದ ಪರಿಶೀಲನೆ ಸಾಧ್ಯವಾಗುತ್ತದೆ. ಹೆರೊಡೋಟಸನಲ್ಲಿ ಅಂಥ ಯಾವ ಸೂಚನೆಯೂ ಇಲ್ಲ. ಇರುವುದು ದೊರೆಗಳ ಹೆಸರು ಮಾತ್ರ; ಅಲ್ಲಿಯೂ ತೊಡಕಿದೆ. ಹೆರೊಡೋಟಸ್ ಮೀಡರ ದೊರೆ ಸಯಾಕ್ಸರೀಸನನ್ನು ಹೆಸರಿಸಿದರೆ, ಸಿಸಿರೋ ಈ ಗ್ರಹಣವನ್ನು ಅವನ ಮಗ ಅಸ್ಟಯಾಜೀಸನ ಆಳ್ವಿಕೆಗೆ ಸೇರಿಸುತ್ತಾನೆ. ಅಸ್ಟಯಾಜೀಸ್ ಪದಚ್ಯುತನಾದದ್ದು ಕ್ರಿ.ಪೂ. 550ರಲ್ಲಿ, ಹೆರೊಡೋಟಸನೇ ಹೇಳುವಂತೆ ಅವನು ಆಳಿದ್ದು 35 ವರ್ಷ. ಹಾಗಾದರೆ 585 ತಂದೆ ಮಗನ ಆಳ್ವಿಕೆಗಳ ಗಡಿಯ ಮೇಲೆಯೇ ಬಂದು ನಿಲ್ಲುತ್ತದೆ. ಇನ್ನು ಭವಿಷ್ಯ ನುಡಿದ ಸಂಗತಿ. ಒಂದು ನಿರ್ದಿಷ್ಟ ಸ್ಥಳದಲ್ಲಿ ಸೂರ್ಯಗ್ರಹಣ ಕಾಣಿಸುವುದೆಂದು ಮೊದಲೇ ತಿಳಿಸುವ ವಿಧಾನ ಆಗಿನ ಬ್ಯಾಬಿಲೋನಿಯನ್ನರಲ್ಲಿಯೂ ಇರಲಿಲ್ಲವೆಂದು ಪ್ರಾಚೀನ ಗಣಿತದ ಇತಿಹಾಸಕಾರ ಆಟೋ ನ್ಯೂಗೆಬೌರ್ ತೋರಿಸಿಕೊಟ್ಟಿದ್ದಾರೆ. ಆದರೂ ಈ ಕತೆಯನ್ನು ಹೆರೊಡೋಟಸ್ ಹುಟ್ಟಿಸಿದನೆನ್ನಲಾಗದು; ಅವನಿಗಿಂತ ಹಿಂದಿನ ಕ್ಸೆನೊಫನೀಸ್ ಇದೇ ಕಾರಣಕ್ಕೆ ಥೇಲೀಸನನ್ನು ಮೆಚ್ಚಿದ್ದನೆಂಬ ಪರಂಪರೆಯಿದೆ.

ಗ್ರಹಣದ ವರ್ಷವನ್ನು ಜನನದ ವರ್ಷವನ್ನಾಗಿ ಪರಿವರ್ತಿಸಿದವನು ಕ್ರಿ.ಪೂ. 2ನೆಯ ಶತಮಾನದ ಅಥೆನ್ಸಿನ ಅಪೊಲೊಡೋರಸ್. ಟ್ರಾಯ್ ಪತನದಿಂದ ತನ್ನ ಕಾಲದವರೆಗಿನ ಕಾಲಾನುಕ್ರಮಣಿಕೆಯನ್ನು ಅವನು ಪದ್ಯದಲ್ಲಿ ರಚಿಸಿದ್ದನು. ಅದರ ತುಣುಕುಗಳು ಮಾತ್ರ ಉಳಿದಿವೆ. ಹುಟ್ಟಿದ ವರ್ಷ ತಿಳಿಯದಿದ್ದಾಗ, ವ್ಯಕ್ತಿಯ ಜೀವನದ ಒಂದು ಪ್ರಸಿದ್ಧ ಘಟನೆಯನ್ನು ಆರಿಸಿ, ಆಗ ಅವನಿಗೆ ನಲವತ್ತು ವರ್ಷವೆಂದು ಭಾವಿಸಿಕೊಳ್ಳುವುದು ಅವನ ಪದ್ಧತಿ. 585ಕ್ಕೆ ನಲವತ್ತನ್ನು ಆ ಕಾಲದ ಎಣಿಕೆಯಂತೆ ಕೂಡಿಸಿದರೆ 624 ದೊರೆಯುತ್ತದೆ. ಥೇಲೀಸನ ಜನನಕ್ಕೆ ಇದರ ಹೊರತು ಬೇರೆ ಸಾಕ್ಷ್ಯವಿಲ್ಲ.

ಸೋಜಿಗವೆಂದರೆ, ಅಪೊಲೊಡೋರಸನ ಮಾತನ್ನು ನಮಗೆ ತಲುಪಿಸುವ ಡಯೋಜಿನಿಸ್ ಲೇರ್ಷಿಯಸನ ಹಸ್ತಪ್ರತಿಗಳಲ್ಲಿ 624 ಇಲ್ಲವೇ ಇಲ್ಲ. ಅಲ್ಲಿರುವುದು 35ನೆಯ ಒಲಿಂಪಿಯಾಡಿನ ಮೊದಲ ವರ್ಷ, ಅಂದರೆ ಕ್ರಿ.ಪೂ. 640. ಆಯುಷ್ಯ 78 ವರ್ಷವೆಂದೂ, ಮರಣ 58ನೆಯ ಒಲಿಂಪಿಯಾಡಿನಲ್ಲಿ, ಎಂದರೆ 548ರಿಂದ 545ರೊಳಗೆ ಎಂದೂ ಅದೇ ಪುಟ ಹೇಳುತ್ತದೆ. 640ರಿಂದ 78 ವರ್ಷ ಎಣಿಸಿದರೆ 562ಕ್ಕೆ ಬರುತ್ತೇವೆ, ಲೆಕ್ಕ ಕೂಡುವುದಿಲ್ಲ. ಜರ್ಮನ್ ವಿದ್ವಾಂಸ ಹರ್ಮನ್ ಡೀಲ್ಸ್ 1876ರಲ್ಲಿ 35 ಎಂಬುದನ್ನು 39 ಎಂದು ತಿದ್ದಿದರು. ಗ್ರೀಕರು ಅಂಕಿಗಳನ್ನು ಅಕ್ಷರಗಳಲ್ಲಿ ಬರೆಯುತ್ತಿದ್ದರು. ಐದನ್ನು ಸೂಚಿಸುವ ಎಪ್ಸಿಲಾನ್, ಒಂಬತ್ತನ್ನು ಸೂಚಿಸುವ ಥೀಟಾ ಎರಡೂ ಹಳೆಯ ದುಂಡು ಲಿಪಿಯಲ್ಲಿ ನಡುವೆ ಅಡ್ಡಗೆರೆಯುಳ್ಳ ಅಕ್ಷರಗಳು. ಲಿಪಿಕಾರನ ಕೈತಪ್ಪು ಸಹಜವೆಂಬುದನ್ನು ಗ್ರಂಥಸಂಪಾದನೆ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಡೀಲ್ಸರ ತಿದ್ದುಪಡಿ ಸಮರ್ಪಕವೇ ಸರಿ. ಆದರೆ ಅದು ಮರಳಿ ಕೊಡುವುದು ಅಪೊಲೊಡೋರಸನ ಲೆಕ್ಕವನ್ನೇ ವಿನಾ ಥೇಲೀಸನ ಜನ್ಮವರ್ಷವನ್ನಲ್ಲ. ತಿದ್ದಿದ ಪಾಠವನ್ನು ಐತಿಹಾಸಿಕ ಸತ್ಯವೆಂದು ಸ್ವೀಕರಿಸಿದವರು ಈ ವ್ಯತ್ಯಾಸವನ್ನು ಮರೆತರು.

ಮರಣದ ವರ್ಷಕ್ಕೂ ಇಂಥದೇ ಹಿನ್ನೆಲೆಯಿದೆ. 546 ಎಂಬುದು ಸಾರ್ಡಿಸ್ ನಗರ ಪರ್ಷಿಯನ್ನರ ವಶವಾದದ್ದಕ್ಕೆ ಸಂಪ್ರದಾಯ ಕೊಡುವ ವರ್ಷ. ಥೇಲೀಸನ ಶಿಷ್ಯನೆನಿಸಿದ ಅನಾಕ್ಸಿಮ್ಯಾಂಡರನಿಗೆ ಇದೇ ಸುಮಾರಿಗೆ 64 ವರ್ಷವಾಗಿತ್ತು, ಬಳಿಕ ಸ್ವಲ್ಪ ಕಾಲದಲ್ಲೇ ಅವನೂ ತೀರಿಕೊಂಡನು ಎಂದು ಅಪೊಲೊಡೋರಸ್ ಹೇಳುತ್ತಾನೆ. ಮೂರನೆಯವನಾದ ಅನಾಕ್ಸಿಮಿನೀಸನ ವಿಷಯದಲ್ಲಂತೂ ಹಸ್ತಪ್ರತಿಗಳ ಪಾಠದಂತೆ ಅವನು 63ನೆಯ ಒಲಿಂಪಿಯಾಡಿನಲ್ಲಿ ಹುಟ್ಟಿ, ಅದಕ್ಕೂ ಮೊದಲೇ ನಡೆದ ಸಾರ್ಡಿಸ್ ಪತನದ ಹೊತ್ತಿಗೆ ಸಾಯುತ್ತಾನೆ! ವಾಕ್ಯಗಳನ್ನು ಹಿಂದುಮುಂದಾಗಿಸಿ ವಿದ್ವಾಂಸರು ಇದನ್ನು ಸರಿಪಡಿಸಿದ್ದಾರೆ. ಹೀಗೆ ಮಿಲೆಟಸ್‌ನ ಗುರುಶಿಷ್ಯ ಪರಂಪರೆಯ ಇಡೀ ಕಾಲಕ್ರಮ ಒಂದು ಗ್ರಹಣ, ಒಂದು ನಗರದ ಪತನ ಇವೆರಡಕ್ಕೆ ಕಟ್ಟಿದ್ದಾಗಿದೆ.

ದಾರ್ಶನಿಕನಾದ ಥೇಲೀಸ್ ನಮಗೆ ದೊರೆಯುವುದು ಬಹುಮಟ್ಟಿಗೆ ಅರಿಸ್ಟಾಟಲನಿಂದ. ನೀರೇ ಎಲ್ಲದರ ಮೂಲ, ಭೂಮಿ ನೀರಿನ ಮೇಲೆ ತೇಲುತ್ತದೆ, ಅಯಸ್ಕಾಂತಕ್ಕೆ ಆತ್ಮವಿದೆ ಎಂಬ ಮತಗಳನ್ನು ಅವನು ಕೇಳಿದ ಮಾತುಗಳಾಗಿ, ಎಚ್ಚರಿಕೆಯಿಂದಲೇ ಉಲ್ಲೇಖಿಸುತ್ತಾನೆ. ಆಲಿವ್ ಗಾಣಗಳನ್ನು ಚಳಿಗಾಲದಲ್ಲೇ ಅಗ್ಗದ ಬಾಡಿಗೆಗೆ ಹಿಡಿದು ಥೇಲೀಸ್ ಹಣ ಮಾಡಿದ ಕತೆಯನ್ನು ಹೇಳುವಾಗಲೂ, ಅವನ ಜಾಣತನದ ಖ್ಯಾತಿಯಿಂದಾಗಿ ಅದನ್ನು ಅವನಿಗೆ ಅಂಟಿಸಲಾಗಿದೆ ಎಂದು ಸೂಚಿಸುತ್ತಾನೆ. ನಕ್ಷತ್ರಗಳನ್ನು ನೋಡುತ್ತ ಬಾವಿಗೆ ಬಿದ್ದ ಥೇಲೀಸ್ ಪ್ಲೇಟೋನವನು. ಮುಪ್ಪಿನಲ್ಲಿ ಕ್ರೀಡಾಸ್ಪರ್ಧೆಯೊಂದನ್ನು ನೋಡುತ್ತಿದ್ದಾಗ ಬಿಸಿಲಿನಿಂದಲೂ ಬಾಯಾರಿಕೆಯಿಂದಲೂ ಬಳಲಿ ಅವನು ಸತ್ತನೆಂದು ಡಯೋಜಿನಿಸ್ ಲೇರ್ಷಿಯಸ್ ಬರೆಯುತ್ತಾನೆ. ನೀರನ್ನೇ ಮೂಲವೆಂದವನಿಗೆ ನೀರಡಿಕೆಯ ಸಾವನ್ನು ಕಟ್ಟಿಕೊಟ್ಟವರು ಯಾರೆಂಬುದನ್ನು ಅವನು ತಿಳಿಸುವುದಿಲ್ಲ.