ಚರಿತ್ರೆಯ ಗುರು ಕಾರ್ಟರ್ ವುಡ್ಸನ್

ಹಿರಿಯರ ಬಾಳನ್ನರಿಯದ ಜನಾಂಗವು ತನ್ನ ಬಲವನ್ನೂ ಅರಿಯಲಾರದು. ಈ ಅರಿವನ್ನು ತಮ್ಮ ಜನರಲ್ಲಿ ಬಿತ್ತುವುದಕ್ಕೆ ಬಾಳನ್ನೇ ಮುಡಿಪಿಟ್ಟ ಉಪಾಧ್ಯಾಯರು ಅಮೆರಿಕೆಯ ಕಾರ್ಟರ್ ವುಡ್ಸನ್ನರು.

ಇವರು 1875ನೆಯ ಇಸವಿ ಡಿಸೆಂಬರ್ 19ರಂದು ವರ್ಜೀನಿಯಾ ಪ್ರಾಂತದಲ್ಲಿ, ದಾಸ್ಯದಿಂದ ಬಿಡುಗಡೆ ಹೊಂದಿದ ಬಡ ದಂಪತಿಗಳ ಮಗನಾಗಿ ಜನಿಸಿದರು. ತಾರುಣ್ಯದಲ್ಲಿ ಕಲ್ಲಿದ್ದಲ ಗಣಿಯಲ್ಲಿ ದುಡಿಯುತ್ತ, ಅಕ್ಷರವರಿಯದ ಜತೆಗಾರರಿಗೆ ವೃತ್ತಪತ್ರಿಕೆಗಳನ್ನು ಓದಿ ಹೇಳುತ್ತಿದ್ದರು. ದಾಸ್ಯವನ್ನೂ ಯುದ್ಧವನ್ನೂ ಕಂಡಿದ್ದ ಹಿರಿಯರ ಮಾತುಗಳೇ ಇವರಿಗೆ ಚರಿತ್ರೆಯ ಮೊದಲ ಪಾಠಗಳಾದುವು. ಇಪ್ಪತ್ತರ ವಯಸ್ಸಿನಲ್ಲಿ ಪ್ರೌಢಶಾಲೆಯನ್ನು ಸೇರಿ, ಎರಡು ವರ್ಷಗಳೊಳಗೆ ಮುಗಿಸಿ, ತಾವೇ ಉಪಾಧ್ಯಾಯರಾದರು. 1912ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡಾಕ್ಟರ್ ಪದವಿಯನ್ನು ಪಡೆದ ಮೇಲೂ ವಾಷಿಂಗ್ಟನ್ನಿನ ಶಾಲೆಯ ಪಾಠವನ್ನು ಬಿಡಲಿಲ್ಲ.

ಆಫ್ರಿಕ ಮೂಲದ ಜನರಿಗೆ ಚರಿತ್ರೆಯೇ ಇಲ್ಲವೆಂದು ಪಂಡಿತರೂ ಬಗೆದಿದ್ದ ಕಾಲವದು. ವುಡ್ಸನ್ನರು 1915ರಲ್ಲಿ ಸಂಶೋಧನ ಸಂಘವನ್ನು ಸ್ಥಾಪಿಸಿ, ಮರುವರ್ಷ ತ್ರೈಮಾಸಿಕವನ್ನು ಹೊರಡಿಸಿ, ದಾಖಲೆಗಳಿಂದಲೇ ಉತ್ತರವಿತ್ತರು. ಪಂಡಿತರ ಗ್ರಂಥವು ಮಕ್ಕಳ ಕೈಗೆಟುಕದೆಂದರಿತು 1926ರ ಫೆಬ್ರವರಿಯಲ್ಲಿ ಚರಿತ್ರೆಯ ಸಪ್ತಾಹವನ್ನು ಆರಂಭಿಸಿದರು. ಶಾಲೆಗಳಲ್ಲಿ ಮಕ್ಕಳು ತಮ್ಮ ಹಿರಿಯರ ಕಥೆಗಳನ್ನು ನಾಟಕವಾಡಿ ಮೆರವಣಿಗೆ ಹೊರಡಿಸಿ ಹಿಗ್ಗಿದರು. ಧನಿಕರ ನೆರವು ಕುಗ್ಗಿದಾಗ ಸಾಮಾನ್ಯರ ಸಣ್ಣ ಕಾಣಿಕೆಗಳಿಂದ ಸಂಘವನ್ನು ಉಳಿಸಿದರು.

ಅವಿವಾಹಿತರಾಗಿಯೇ ಉಳಿದು, ಸಂಘದ ಕಟ್ಟಡದಲ್ಲಿಯೇ ವಾಸಿಸಿ, 1950ರ ಏಪ್ರಿಲ್ 3ರಂದು ಅಲ್ಲಿಯೇ ಕಾಲವಾದರು. ಅವರು ಹೂಡಿದ ಸಪ್ತಾಹವು 1976ರಲ್ಲಿ ತಿಂಗಳ ಉತ್ಸವವಾಗಿ ಬೆಳೆಯಿತು. ಗುರುವು ಅಳಿದರೂ ಪಾಠವು ಉಳಿಯಿತು.