ಇಸ್ತ್ರಿಪೆಟ್ಟಿಗೆಯ ಭಾರ

ಎಡ್ಗರ್ ದೆಗಾನನ್ನು ಲೋಕವು ನರ್ತಕಿಯರ ಚಿತ್ರಕಾರನೆಂದೇ ಬಲ್ಲದು. ನನ್ನ ಮನಸ್ಸು ಮಾತ್ರ ಆತನು ಚಿತ್ರಿಸಿದ ಇಸ್ತ್ರಿಯ ಹೆಂಗಸರ ಬಳಿಯೇ ನಿಲ್ಲುತ್ತದೆ.

1834ರಲ್ಲಿ ಪ್ಯಾರಿಸ್ಸಿನ ಸಿರಿವಂತ ಬ್ಯಾಂಕುದಾರರ ಮನೆಯಲ್ಲಿ ಹುಟ್ಟಿದ ದೆಗಾನಿಗೆ ನಲವತ್ತರವರೆಗೆ ಹಣದ ಚಿಂತೆಯಿರಲಿಲ್ಲ. 1874ರಲ್ಲಿ ತಂದೆ ತೀರಿಕೊಂಡರು. ಮುಚ್ಚಿದ್ದ ಸಾಲಗಳು ಬಯಲಾದವು. ಮನೆತನದ ಮಾನ ಉಳಿಸಲು ಆತನು ತನ್ನ ಮನೆಯನ್ನೂ ಸಂಗ್ರಹದ ಚಿತ್ರಗಳನ್ನೂ ಮಾರಿದನು. ಇಂಪ್ರೆಷನಿಸ್ಟರ ಮೊದಲ ಪ್ರದರ್ಶನದಲ್ಲಿ ಭಾಗವಹಿಸಿದ್ದೂ ಆ ವರ್ಷವೇ. ಅಲ್ಲಿಂದ ಮುಂದೆ ಕುಂಚವೇ ಜೀವನೋಪಾಯವಾಯಿತು.

ಸುಮಾರು 1884-86ರಲ್ಲಿ ರಚಿತವಾದ ‘ಇಸ್ತ್ರಿ ಮಾಡುವ ಹೆಂಗಸರು’ ಎಂಬ ತೈಲಚಿತ್ರ ಪ್ಯಾರಿಸ್ಸಿನ ಓರ್ಸೆ ವಸ್ತುಸಂಗ್ರಹಾಲಯದಲ್ಲಿದೆ. ಒಬ್ಬಳು ಶೀಸೆ ಹಿಡಿದು ಬಾಯ್ತುಂಬ ಆಕಳಿಸುತ್ತಾಳೆ; ಇನ್ನೊಬ್ಬಳು ಎರಡು ಕೈಗಳಿಂದಲೂ ಬಾಗಿ ಪೆಟ್ಟಿಗೆಯನ್ನು ಒತ್ತುತ್ತಾಳೆ. ಒರಟು ಬಟ್ಟೆಯ ಮೇಲೆ ಬಣ್ಣವನ್ನು ತೆಳುವಾಗಿ ಬಳಿದಿರುವುದರಿಂದ ನೆಯ್ಗೆಯ ಎಳೆಗಳೂ ಕಾಣುತ್ತವೆ. ಇಲ್ಲಿ ಕಣ್ಣೀರಿಲ್ಲ, ಉಪದೇಶವಿಲ್ಲ. ಅನ್ಯರ ಅಂಗಿಗಳನ್ನು ನಯಗೊಳಿಸುವವರ ಮೈದಣಿವು ಮಾತ್ರ ಇದೆ.

ಹಾಗೆಂದು ದೆಗಾನನ್ನು ಕರುಣಾಳುವೆಂದು ನಾನು ಹೊಗಳಲಾರೆ. ಡ್ರೇಫಸ್ ಪ್ರಕರಣ ಫ್ರಾನ್ಸನ್ನು ಇಬ್ಭಾಗ ಮಾಡಿದಾಗ ಆತನು ಯಹೂದ್ಯದ್ವೇಷಿಗಳ ಪಕ್ಷ ವಹಿಸಿ, ಯಹೂದ್ಯ ಮೂಲದ ಹಳೆಯ ಗೆಳೆಯರಾದ ಅಲೆವಿ ಮನೆತನದವರನ್ನು ತೊರೆದನು. ದೃಷ್ಟಿ ಮಂಕಾಗಿ, ಅವಿವಾಹಿತನಾಗಿಯೇ, 1917ರಲ್ಲಿ ಕಣ್ಮುಚ್ಚಿದನು.

ಚಿತ್ರ ದೊಡ್ಡದೆಂದು ಆ ಅನ್ಯಾಯವನ್ನು ಮನ್ನಿಸಲು ನನಗಾಗದು. ಅನ್ಯಾಯವನ್ನು ನೆನೆದು ಚಿತ್ರದ ಸತ್ಯವನ್ನು ಅಲ್ಲಗಳೆಯಲೂ ಆಗದು. ನೆರೆಯವನನ್ನು ಕಾಣದ ಕಣ್ಣಿಗೆ ಬಡವಳ ಆಕಳಿಕೆ ಕಂಡಿತು. ಕಲೆಯನ್ನು ಓದುವವರು ಈ ಎರಡನ್ನೂ ಒಟ್ಟಿಗೆ ಹೊರಬೇಕು.