ಎದುರಿನ ಪಾಳೆಯಕ್ಕೆ ಹೋದ ಮೆರೆಡಿತ್

ಮೊನ್ನೆ ಖಾನಾಪುರದ ಸಂಜೆ ಬಸ್ಸಿನಲ್ಲಿ ಎರಡು ಸೀಟಿನ ನಡುವೆ ವಾದ ಹತ್ತಿತ್ತು. ಯಾವುದೋ ಗಲ್ಲಿಯ ಫುಟ್‌ಬಾಲ್ ಹುಡುಗ ಈ ಸಲ ಪಕ್ಕದ ಗಲ್ಲಿಯ ಟೀಮಿಗೆ ಹೋಗಿದ್ದಾನಂತೆ. ಒಬ್ಬರ ಲೆಕ್ಕದಲ್ಲಿ ಅವನು ದ್ರೋಹಿ. ಇನ್ನೊಬ್ಬರ ಲೆಕ್ಕದಲ್ಲಿ, ಒಂದು ಜೋಡಿ ಬೂಟು ಕೊಡಿಸದವರ ಕಡೆ ಎಷ್ಟು ವರ್ಷ ಆಡಬೇಕು? ಬಸ್ಸು ದೇಸೂರು ದಾಟಿತು, ಕುಸ್ತಿ ಮಾತ್ರ ನಿಕಾಲಿ ಆಗಲಿಲ್ಲ.

ಈ ವಾದ ನಮ್ಮ ಕ್ಯಾಂಪು, ಟಿಳಕವಾಡಿಗೆ ಮಾತ್ರ ಸೇರಿದ್ದಲ್ಲ ನೋಡ್ರಿ. ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಊರಿಗೆ ಊರೇ ಇದರಲ್ಲಿ ಮುಳುಗಿತ್ತು. ಅದಕ್ಕೆ ಕಾರಣನಾದವನು ಬಿಲ್ಲಿ ಮೆರೆಡಿತ್ ಎಂಬ ರೈಟ್ ಔಟ್.

ಮೆರೆಡಿತ್ ಹುಟ್ಟಿದ್ದು 1874ರಲ್ಲಿ, ಚರ್ಕ್ ಎಂಬ ಸಣ್ಣ ಊರಿನಲ್ಲಿ. ಊರು ವೇಲ್ಸ್ ದೇಶದ್ದು, ಆಚೆ ದಾಟಿದರೆ ಇಂಗ್ಲೆಂಡ್. ಗಡಿಯ ಊರು ಅಂದರೆ ಏನು ಎಂದು ಬೆಳಗಾವಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 12ನೇ ವಯಸ್ಸಿಗೇ ಹುಡುಗ ಕಲ್ಲಿದ್ದಲ ಗಣಿಗೆ ಇಳಿದ. ಗಾಡಿ ಎಳೆಯುವ ತಟ್ಟು ಕುದುರೆಗಳನ್ನು ನೆಲದಡಿಯ ಕತ್ತಲಲ್ಲಿ ಹೊಡೆಯುವ ಕೆಲಸ.

1894ರಲ್ಲಿ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿನವರು ಇವನನ್ನು ಹುಡುಕಿಕೊಂಡು ಬಂದರು. ತಾಯಿಗೆ ಮನಸ್ಸಿರಲಿಲ್ಲ. ಹೀಗಾಗಿ ಮೊದಲ ಕೆಲವು ತಿಂಗಳು ಗಣಿಯ ಕೆಲಸವನ್ನೂ ಬಿಡದೆ, ಆಟವಿದ್ದ ದಿನ ರೈಲು ಹತ್ತಿ ಮ್ಯಾಂಚೆಸ್ಟರಿಗೆ ಹೋಗಿ ಆಡಿ ಬರುತ್ತಿದ್ದ. ದಿನಾ ಖಾನಾಪುರದಿಂದ ಬಂದು ಅಂಗಡಿಯಲ್ಲಿ ನಿಲ್ಲುವ ನಮ್ಮ ಹುಡುಗರಿಗೆ ಈ ತ್ರಾಸು ತಿಳಿದೀತು. ಆ ನವೆಂಬರಿನಲ್ಲೇ ಊರಿನ ಎದುರಾಳಿ ನ್ಯೂಟನ್ ಹೀತ್ ಮೇಲೆ ಪಂದ್ಯ. ಸಿಟಿ 5–2ರಿಂದ ಸೋತಿತು, ಆದರೆ ಎರಡೂ ಗೋಲು ಮೆರೆಡಿತ್‌ನವು. ಈ ನ್ಯೂಟನ್ ಹೀತ್ ಕ್ಲಬ್ಬೇ 1902ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎಂದು ಹೆಸರು ಬದಲಿಸಿಕೊಂಡಿತು.

ಮೆರೆಡಿತ್‌ನದು ಸ್ವಲ್ಪ ಬಾಗಿದ ಕಾಲು, ತೆಳ್ಳನೆ ಮೈ. ಬಾಯಲ್ಲಿ ಯಾವಾಗಲೂ ಒಂದು ಹಲ್ಲುಕಡ್ಡಿ! ಆಡುವಾಗಲೂ ಅದನ್ನು ತೆಗೆಯುತ್ತಿರಲಿಲ್ಲ. ಬಲ ಅಂಚಿನ ಗೆರೆ ಹಿಡಿದು ಓಡಿ, ಮೂಲೆಯ ಹತ್ತಿರದಿಂದ ಚೆಂಡನ್ನು ಗೋಲಿನ ಮುಂದೆ ಇಳಿಸಿಕೊಟ್ಟರೆ ಉಳಿದವರಿಗೆ ಬರೇ ಕಾಲು ತಾಗಿಸುವ ಕೆಲಸ. 1904ರಲ್ಲಿ ನಾಯಕನಾಗಿ ಎಫ್.ಎ. ಕಪ್ ಗೆದ್ದುಕೊಟ್ಟ. ಬೋಲ್ಟನ್ ಮೇಲೆ 1–0, ಆ ಒಂದು ಗೋಲೂ ಅವನದೇ. ಮ್ಯಾಂಚೆಸ್ಟರಿಗೆ ಬಂದ ಮೊದಲ ದೊಡ್ಡ ಕಪ್ ಅದು. ಊರು ಹೆಗಲ ಮೇಲೆ ಹೊತ್ತು ತಿರುಗಿತು.

ಮುಂದಿನ ವರ್ಷವೇ ಕೆಳಗೆ ಹಾಕಿತು. 1905ರಲ್ಲಿ ಆಸ್ಟನ್ ವಿಲ್ಲಾ ಮೇಲಿನ ಪಂದ್ಯಕ್ಕೆ ಎದುರು ಟೀಮಿನ ನಾಯಕನಿಗೆ 10 ಪೌಂಡ್ ಲಂಚ ಕೊಡಲು ನೋಡಿದ ಎಂಬ ಆರೋಪ. ವಿಚಾರಣೆಯಲ್ಲಿ ತಪ್ಪಿತಸ್ಥನೆಂದು ತೀರ್ಮಾನವಾಗಿ ಆಟದಿಂದ ಹೊರಗೆ ಹಾಕಿದರು. ಮೊದಲು ಇಲ್ಲವೇ ಇಲ್ಲ ಅಂದ. ಕ್ಲಬ್ಬು ಕೈಬಿಟ್ಟ ಮೇಲೆ, ಮ್ಯಾನೇಜರ್ ಹೇಳಿದ್ದಕ್ಕೇ ಮಾಡಿದ್ದು ಅಂದ. ಮ್ಯಾನೇಜರ್ ಒಪ್ಪಲಿಲ್ಲ. ಲಂಚ ಲಂಚವೇ, ಇದರಲ್ಲಿ ಮೆರೆಡಿತ್‌ನ ವಕೀಲಿಕೆ ನಾವು ಮಾಡುವುದಿಲ್ಲ. ಆದರೆ ಬಾಯಿ ಬಿಟ್ಟಾಗ ಹೊರಬಂದದ್ದು ಇನ್ನೂ ದೊಡ್ಡದು. ಆಟಗಾರನಿಗೆ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಪಗಾರ ಕೊಡಬಾರದೆಂದು 1901ರಿಂದ ಕಾಯ್ದೆ ಇತ್ತು. ಸಿಟಿಯವರು ಇವನಿಗೆ ಗುಟ್ಟಾಗಿ 6 ಪೌಂಡ್ ಕೊಡುತ್ತಿದ್ದರು, ಉಳಿದವರಿಗೂ ಮೇಲಿನ ರೊಕ್ಕ ಇತ್ತು. 1906ರಲ್ಲಿ 17 ಆಟಗಾರರಿಗೆ ದಂಡ, ಅಮಾನತು, ಮತ್ತೆ ಸಿಟಿಗೆ ಆಡುವಂತಿಲ್ಲ ಎಂಬ ಹುಕುಂ. ಗಿರಾಕಿಗಳು ತುಂಬಿದ್ದ ಅಂಗಡಿಗೆ ಒಂದೇ ದಿನ ಬೀಗ ಬಿದ್ದಂತೆ ಆಯಿತು.

ಬಾಗಿಲಲ್ಲಿ ಕಾಯುತ್ತಿದ್ದವರು ಯುನೈಟೆಡ್‌ನವರು. ಎಲ್ಲರಿಗಿಂತ ಮೊದಲು ಮೆರೆಡಿತ್‌ನನ್ನು ಒಯ್ದರು, ಆಮೇಲೆ ಇನ್ನೂ ಮೂವರನ್ನು. ಕಲಕತ್ತೆಯಲ್ಲಿ ಮೋಹನ್ ಬಾಗಾನ್ ಬಿಟ್ಟು ಈಸ್ಟ್ ಬೆಂಗಾಲ್ ಸೇರಿದರೆ ಏನಾಗುತ್ತದೋ ಅಂಥದ್ದೇ ಇದು. 1907ರ ಜನವರಿ 1ಕ್ಕೆ ಅಮಾನತು ಮುಗಿಯಿತು. ಅದೇ ದಿನ ಹೊಸ ಅಂಗಿಯಲ್ಲಿ ಇಳಿದ. ಎದುರಿಗೆ ಯಾರು? ಅದೇ ಆಸ್ಟನ್ ವಿಲ್ಲಾ! ಇವನು ಕೊಟ್ಟ ಚೆಂಡಿಗೆ ಸಿಟಿಯಿಂದಲೇ ಬಂದಿದ್ದ ಸ್ಯಾಂಡಿ ಟರ್ನ್‌ಬುಲ್ ಗೋಲು ಹೊಡೆದ, 1–0. 1908ರಲ್ಲಿ ಯುನೈಟೆಡ್‌ಗೆ ಮೊದಲ ಲೀಗ್, 1909ರಲ್ಲಿ ಮೊದಲ ಎಫ್.ಎ. ಕಪ್, 1911ರಲ್ಲಿ ಮತ್ತೆ ಲೀಗ್.

ಕಪ್ಪುಗಳಿಗಿಂತ ಆತನ ಇನ್ನೊಂದು ಕೆಲಸ ನಮಗೆ ಹೆಚ್ಚು ಕಾಣುತ್ತದೆ. 1907ರ ಏಪ್ರಿಲಿನಲ್ಲಿ ಯುನೈಟೆಡ್‌ನ ಟಾಮಿ ಬ್ಲ್ಯಾಕ್‌ಸ್ಟಾಕ್ ಎಂಬ ಆಟಗಾರ ಆಡುತ್ತಿರುವಾಗಲೇ ಕುಸಿದು ಸತ್ತ. ಸಹಜ ಸಾವು ಎಂದು ಬರೆದುಬಿಟ್ಟರು, ಮನೆಯವರಿಗೆ ಪರಿಹಾರವಿಲ್ಲ. ಗಣಿಯಲ್ಲಿ ಬೆಳೆದವನಿಗೆ ಇದು ಗೊತ್ತಿಲ್ಲದ ಸಂಗತಿಯೇ? ಅದೇ ಡಿಸೆಂಬರ್ 2ರಂದು ಮ್ಯಾಂಚೆಸ್ಟರಿನ ಇಂಪೀರಿಯಲ್ ಹೋಟೆಲಿನಲ್ಲಿ ಆಟಗಾರರ ಸಂಘ ಕಟ್ಟಿದರು. ಅಧ್ಯಕ್ಷನ ಕುರ್ಚಿಯಲ್ಲಿ ಕೂತವನು ಮೆರೆಡಿತ್. 1909ರಲ್ಲಿ ಸಂಘ ಬಿಡಿ, ಇಲ್ಲವಾದರೆ ಆಟ ಬಿಡಿ ಎಂದು ಮೇಲಿನವರು ಪಟ್ಟು ಹಿಡಿದಾಗ ಉಳಿದ ಕ್ಲಬ್ಬುಗಳವರು ಒಬ್ಬೊಬ್ಬರೇ ಸರಿದರು. ಯುನೈಟೆಡ್ ಆಟಗಾರರು ಪಗಾರವಿಲ್ಲದೆ, ಬಹಿಷ್ಕೃತರು ಎಂದು ತಾವೇ ಹೆಸರಿಟ್ಟುಕೊಂಡು ತಾಲೀಮು ಮಾಡಿದರು. ಕಡೆಗೆ ಸಂಘ ಉಳಿಯಿತು. ಪಗಾರದ ಮಿತಿ ಮಾತ್ರ 1961ರ ತನಕ ಹೋಗಲಿಲ್ಲ.

1921ರಲ್ಲಿ, ನಮ್ಮವರು ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿಗೆ, ಮೆರೆಡಿತ್ ತಿರುಗಿ ಸಿಟಿಗೇ ಹೋದ. ಹೋದದ್ದಕ್ಕೆ ಬೈದ ಊರೇ ಬಂದದ್ದಕ್ಕೆ ಚಪ್ಪಾಳೆ ತಟ್ಟಿತು, ಮಂದಿಯೆಂದರೆ ಹೀಗೇ. ಕೊನೆಯ ಪಂದ್ಯ 1924ರ ಮಾರ್ಚಿನಲ್ಲಿ, ಕಪ್ಪಿನ ಸೆಮಿಫೈನಲ್. 50 ತುಂಬಲು ನಾಲ್ಕೇ ತಿಂಗಳಿತ್ತು. ವೇಲ್ಸ್ ಪರ 1895ರಿಂದ 1920ರ ತನಕ 48 ಪಂದ್ಯ ಆಡಿದ್ದ.

ತೀರಿಕೊಂಡದ್ದು 1958ರ ಏಪ್ರಿಲಿನಲ್ಲಿ, 83ನೇ ವಯಸ್ಸಿಗೆ. ಎರಡು ತಿಂಗಳ ಹಿಂದಷ್ಟೇ ಮ್ಯೂನಿಕ್ ವಿಮಾನ ದುರಂತದಲ್ಲಿ ಯುನೈಟೆಡ್‌ನ ಎಳೆಯ ಹುಡುಗರು ಸತ್ತು ಊರು ಅಳುತ್ತಿತ್ತು. ಮುದುಕನ ಗೋರಿಗೆ ಹೆಸರಿನ ಕಲ್ಲು ಕೂಡ ಇರಲಿಲ್ಲ. 2001ರಲ್ಲಿ ಅದರ ಖರ್ಚು ವಹಿಸಿಕೊಂಡವರ ಪೈಕಿ ಸಿಟಿ ಇತ್ತು, ಯುನೈಟೆಡ್ ಇತ್ತು, ಆಟಗಾರರ ಸಂಘವೂ ಇತ್ತು.